ಹತ್ತೋ ಗೇರು, ಇಳಿಯೋ ಗೇರು

ನಲವತ್ತು ವರ್ಷದ ಹಿಂದೆ ಅಮೆರಿಕದಲ್ಲಿ ಹದಿನೆಂಟು ಚಕ್ರದ ಟ್ರಕ್ ಓಡಿಸೋಕೆ ಯಾವ ಲೈಸೆನ್ಸ್ ಬೇಕಿತ್ತು ಅಂದ್ರೆ ನೀವು ನಂಬಲಿಕ್ಕಿಲ್ಲ. ಬಹಳಷ್ಟು ರಾಜ್ಯಗಳಲ್ಲಿ ಕಾರಿನ ಲೈಸೆನ್ಸೇ ಸಾಕಿತ್ತು. ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬರೋಕೆ ಕೊಟ್ಟ ಕಾರ್ಡನ್ನೇ ಜೇಬಲ್ಲಿಟ್ಟುಕೊಂಡು ಮೂವತ್ತಾರು ಟನ್ ತೂಕದ ಗಾಡಿಯನ್ನು ಹೆದ್ದಾರಿಗೆ ಇಳಿಸಬಹುದಿತ್ತು, ಅದೂ ಕಾನೂನುಬದ್ಧವಾಗಿ. ನಮ್ಮ ಕಡೆ "ಹುಡುಗನಿಗೆ ಹೆವಿ ಲೈಸೆನ್ಸ್ ಐತೆ" ಅನ್ನೋದು ಹೆಣ್ಣು ನೋಡೋಕೆ ಹೋದಾಗಲೂ ಹೇಳಿಕೊಳ್ಳುವಂಥ ಮಾತಾಗಿದ್ದ ಕಾಲ ಅದು. ಎಲ್ಲದಕ್ಕೂ ರೂಲ್ಸ್ ಮಾಡಿಟ್ಟಿರೋ ದೇಶ ಅಂತ ನಾವು ಅಂದುಕೊಂಡಿದ್ದ ಅಮೆರಿಕದ ಅನೇಕ ರಾಜ್ಯಗಳಲ್ಲಿ ಇದಕ್ಕೊಂದು ಬೇರೆ ಪರೀಕ್ಷೆಯೇ ಇರಲಿಲ್ಲ.

ಈಗ ಇದೆ. ಅದೂ ಎಂಥ ಪರೀಕ್ಷೆ! ನನಗೆ ಇದರ ಪರಿಚಯ ಆಗಿದ್ದು ಡಾಲಸ್‌ನಲ್ಲಿರೋ ನನ್ನ ಬಿಇ ಕ್ಲಾಸ್‌ಮೇಟ್ ಒಬ್ಬನಿಂದ. ಗ್ರೀನ್ ಕಾರ್ಡ್ ಬಂದಿತ್ತು, ಕೆಲಸ ಹೋಗಿತ್ತು. ಎಂಟು ತಿಂಗಳು ಇಂಟರ್‌ವ್ಯೂ ಕೊಟ್ಟು ಕೊಟ್ಟು ಸಾಕಾಗಿ ಒಂದು ದಿನ "ಮಗಾ, ನಾನು ಟ್ರಕ್ ಲೈಸೆನ್ಸ್‌ಗೆ ಓದ್ತಿದೀನಿ" ಅಂದ. ತಮಾಷೆ ಅಂದುಕೊಂಡೆ. ಮಾರನೇ ದಿನ ಪುಸ್ತಕದ ಪಿಡಿಎಫ್ ಕಳಿಸಿದ. ನೂರಕ್ಕೂ ಹೆಚ್ಚು ಪುಟ. ಸುಮ್ಮನೆ ತೆರೆದು ನೋಡಿದವನು ರಾತ್ರಿ ಒಂದು ಗಂಟೆ ತನಕ ಬಿಡಲಿಲ್ಲ. ಪುಟ ಪುಟದಲ್ಲೂ "ಇದನ್ನ ಯಾಕೆ ಕೇಳ್ತಾರೆ?" ಅನ್ನೋ ಪ್ರಶ್ನೆ ಏಳ್ತಾ ಹೋಯ್ತು. ಆ ಯಾಕೆಗಳ ಬೆನ್ನು ಹತ್ತಿದ್ದಕ್ಕೆ ಹುಟ್ಟಿದ್ದು ಈ ಬರಹ.

ಮೊದಲು ಹಳೇ ಕತೆ ಸ್ವಲ್ಪ. ಅಮೆರಿಕದಲ್ಲಿ ಡ್ರೈವಿಂಗ್ ಲೈಸೆನ್ಸ್ ಕೊಡೋದು ರಾಜ್ಯಗಳ ಕೆಲಸ, ಕೇಂದ್ರದ್ದಲ್ಲ. 1903ರಲ್ಲಿ ಮಸಾಚುಸೆಟ್ಸ್ ಮತ್ತು ಮಿಸ್ಸೌರಿ ರಾಜ್ಯಗಳು ಲೈಸೆನ್ಸ್ ಕಡ್ಡಾಯ ಮಾಡಿದವು. 1910ರಲ್ಲಿ ನ್ಯೂಯಾರ್ಕ್ ಲೈಸೆನ್ಸ್ ಕಾನೂನು ತಂದಾಗ ಮೊದಲು ಹಿಡಿದಿದ್ದು ಸಂಬಳಕ್ಕೆ ಗಾಡಿ ಓಡಿಸುವವರನ್ನು, ಅಂದರೆ ಶೋಫರ್‌ಗಳನ್ನು. ಸಾಹುಕಾರ ತನ್ನ ಕಾರನ್ನು ತಾನೇ ಎಲ್ಲಿಗಾದರೂ ಗುದ್ದಿಕೊಳ್ಳಲಿ, ಅವನ ಡ್ರೈವರ್ ಮಾತ್ರ ಸರಿ ಇರಬೇಕು! ಇನ್ನೊಂದು ತುದಿಯಲ್ಲಿ ಸೌತ್ ಡಕೋಟ. ಅಲ್ಲಿ 1954ರವರೆಗೆ ಲೈಸೆನ್ಸ್ ಎಂಬುದೇ ಬೇಕಿರಲಿಲ್ಲ. ಹೀಗೆ ಒಂದೊಂದು ರಾಜ್ಯಕ್ಕೆ ಒಂದೊಂದು ಪದ್ಧತಿ. ಟ್ರಕ್ ಮಾತ್ರ ಬೆಳಗ್ಗೆ ಒಂದು ರಾಜ್ಯದಲ್ಲಿ, ಸಂಜೆ ಇನ್ನೊಂದರಲ್ಲಿ.

ಇದರಿಂದ ಒಂದು ಉಪಾಯ ಹುಟ್ಟಿಕೊಂಡಿತು. ಡ್ರೈವರ್‌ಗಳು ನಾಲ್ಕೈದು ರಾಜ್ಯಗಳಲ್ಲಿ ಲೈಸೆನ್ಸ್ ಮಾಡಿಸಿ ಇಟ್ಟುಕೊಳ್ಳೋರು. ಓವರ್‌ಸ್ಪೀಡಿಗೆ ಪೊಲೀಸ್ ಹಿಡಿದರೆ ಇಂದು ಒಂದನ್ನು ತೋರಿಸೋದು, ನಾಳೆ ಇನ್ನೊಂದನ್ನು. ಕೇಸುಗಳು ಹಂಚಿ ಹೋಗ್ತಿದ್ದರಿಂದ ಯಾವ ಕಾರ್ಡಿನ ಮೇಲೂ ರದ್ದು ಮಾಡುವಷ್ಟು ತಪ್ಪು ಜಮಾ ಆಗ್ತಿರಲಿಲ್ಲ. ಒಂದು ರದ್ದಾದರೂ ಉಳಿದವು ಜೇಬಲ್ಲಿ ಇರ್ತಿದ್ದವು.

ಈ ಮಧ್ಯೆ ರಸ್ತೆ ಬದಲಾಯಿತು. 1935ರ ಕಾನೂನಿನಿಂದ ಟ್ರಕ್ ವ್ಯವಹಾರ ಸರ್ಕಾರದ ಬಿಗಿ ಹಿಡಿತದಲ್ಲಿತ್ತು. ಯಾರು ಯಾವ ದಾರಿಯಲ್ಲಿ ಏನು ಸಾಗಿಸಬೇಕು, ಎಷ್ಟು ಬಾಡಿಗೆ ತಗೋಬೇಕು ಅನ್ನೋದಕ್ಕೂ ಅಪ್ಪಣೆ. 1980ರಲ್ಲಿ ಆ ಹಿಡಿತ ಸಡಿಲ ಮಾಡಿದರು. ಹತ್ತು ವರ್ಷದೊಳಗೆ ಸಾಗಣೆ ಕಂಪನಿಗಳ ಸಂಖ್ಯೆ ದುಪ್ಪಟ್ಟಾಯಿತು. ಬಾಡಿಗೆ ದರ ಇಳಿಯಿತು, ಪೈಪೋಟಿ ಏರಿತು. 1982ರ ಕಾನೂನು ಎಲ್ಲ ರಾಜ್ಯಗಳೂ ತಮ್ಮ ದೊಡ್ಡ ಹೆದ್ದಾರಿಗಳಲ್ಲಿ 48 ಅಡಿಯ ಟ್ರೇಲರ್‌ಗಳನ್ನೂ, ಒಂದರ ಹಿಂದೆ ಒಂದು ಕಟ್ಟಿದ 28 ಅಡಿಯ ಜೋಡಿ ಟ್ರೇಲರ್‌ಗಳನ್ನೂ ಬಿಡಲೇಬೇಕು ಅಂತ ಮಾಡಿತು. ಗಾಡಿ ಉದ್ದ ಆಯ್ತು, ಭಾರ ಆಯ್ತು, ಓಡಿಸೋರು ಹೊಸಬರಾದರು. ಲೈಸೆನ್ಸ್ ಮಾತ್ರ ಅದೇ ಕಾರಿನದು.

1986ರ ಅಕ್ಟೋಬರ್ 27ರಂದು ಅಧ್ಯಕ್ಷ ರೇಗನ್ ಸಹಿ ಹಾಕಿದ್ದು ಮಾದಕ ವಸ್ತುಗಳ ವಿರುದ್ಧದ ಒಂದು ದೊಡ್ಡ ಕಾನೂನಿಗೆ. ಅದರೊಳಗೆ ಒಂದು ಭಾಗವಾಗಿ ವಾಣಿಜ್ಯ ವಾಹನ ಸುರಕ್ಷತೆಯ ಕಾನೂನೂ ಸೇರಿತ್ತು. ಸಿಡಿಎಲ್, ಅಂದರೆ ಕಮರ್ಷಿಯಲ್ ಡ್ರೈವರ್ಸ್ ಲೈಸೆನ್ಸ್ ಹುಟ್ಟಿದ್ದು ಅಲ್ಲಿಂದ. ಲೈಸೆನ್ಸ್ ಕೊಡುವ ಅಧಿಕಾರವನ್ನು ಕೇಂದ್ರ ಕಿತ್ತುಕೊಳ್ಳಲಿಲ್ಲ. ರಾಜ್ಯಗಳೇ ಕೊಡಲಿ, ಆದರೆ ಇಷ್ಟು ಮಟ್ಟಕ್ಕಿಂತ ಕೆಳಗೆ ಇಳಿಯಬಾರದು ಅಂತ ಗೆರೆ ಹಾಕಿತು. ಒಬ್ಬ ಡ್ರೈವರ್‌ಗೆ ಒಂದೇ ಲೈಸೆನ್ಸ್. ಕುಡಿತದ ಮಿತಿ ರಕ್ತದಲ್ಲಿ ಶೇಕಡಾ 0.04. ಮತ್ತೆ ಪರೀಕ್ಷೆ: ಒಂದು ಬರಹದ್ದು, ಒಂದು ಗಾಡಿ ಓಡಿಸಿ ತೋರಿಸುವುದು. 1992ರ ಏಪ್ರಿಲ್ 1ರ ಹೊತ್ತಿಗೆ ದೇಶದ ಪ್ರತಿ ಟ್ರಕ್ ಮತ್ತು ಬಸ್ ಡ್ರೈವರ್ ಕೈಯಲ್ಲಿ ಸಿಡಿಎಲ್ ಇರಬೇಕು ಅಂತ ಗಡುವು.

ಒಬ್ಬರಿಗೆ ಒಂದೇ ಲೈಸೆನ್ಸ್ ಅಂತ ಬರೆದುಬಿಡೋದು ಸುಲಭ, ಅದನ್ನು ಪತ್ತೆ ಮಾಡೋದು ಹೇಗೆ? ನಮ್ಮ ವೃತ್ತಿಯವರಿಗೆ ಇಷ್ಟ ಆಗೋ ಭಾಗ ಇದು, ಬೇರೆಯವರು ಒಂದು ಪ್ಯಾರಾ ಸಹಿಸಿಕೊಳ್ಳಿ. 1989ರಲ್ಲಿ ಎಲ್ಲ ರಾಜ್ಯಗಳನ್ನೂ ಜೋಡಿಸುವ ಒಂದು ಕಂಪ್ಯೂಟರ್ ವ್ಯವಸ್ಥೆ ಶುರು ಮಾಡಿದರು. ಡ್ರೈವರ್‌ನ ಪೂರ್ತಿ ಜಾತಕವನ್ನು ಅದು ಇಟ್ಟುಕೊಳ್ಳೋದಿಲ್ಲ. ಈ ಮನುಷ್ಯನ ದಾಖಲೆ ಇಂಥ ರಾಜ್ಯದಲ್ಲಿದೆ, ಅಲ್ಲಿ ಕೇಳಿ ಅಂತ ಬೊಟ್ಟು ಮಾಡಿ ತೋರಿಸುತ್ತೆ, ಅಷ್ಟೇ. ಹೊಸ ರಾಜ್ಯದಲ್ಲಿ ಅರ್ಜಿ ಹಾಕಿದ ತಕ್ಷಣ ಹಳೇ ರಾಜ್ಯದ ಹೆಸರು ಎದ್ದು ಬರುತ್ತೆ. ಇಂಟರ್ನೆಟ್ ಜನರ ಕೈಗೆ ಬರುವ ಮೊದಲೇ ಇಂಥದ್ದೊಂದು ಕಟ್ಟಿದ್ದರಲ್ಲ, ಅದನ್ನ ಬರೆದವರ ಕೈ ಕುಲುಕಬೇಕು ಅನ್ಸುತ್ತೆ ನನಗೆ.

ಇನ್ನು ಪರೀಕ್ಷೆ. ಬರಹದ ಪರೀಕ್ಷೆಯಲ್ಲಿ ನೂರಕ್ಕೆ ಎಂಬತ್ತು ಬರಲೇಬೇಕು. ಹೆಚ್ಚಿನ ರಾಜ್ಯಗಳಲ್ಲಿ ಸಾಮಾನ್ಯ ಜ್ಞಾನದ ಪತ್ರಿಕೆಗೆ 50 ಪ್ರಶ್ನೆ, 40 ಸರಿ ಇರಬೇಕು. ಸಾಮಾನ್ಯ ಜ್ಞಾನ ಅಂದರೆ ರಾಜಧಾನಿ ಯಾವುದು ಅಂತಲ್ಲ. ಲೋಡನ್ನು ಹೇಗೆ ಕಟ್ಟಬೇಕು, ಟೈರಿನ ಪಟ್ಟೆ ಎಷ್ಟು ಆಳ ಉಳಿದಿರಬೇಕು, ಮುಂದಿನ ಗಾಡಿಗೂ ನಿಮಗೂ ಎಷ್ಟು ಅಂತರ ಇರಬೇಕು ಅನ್ನೋದು. ಕೊನೆಯದಕ್ಕೆ ಪುಸ್ತಕ ಹೇಳೋ ಲೆಕ್ಕ ನೋಡಿ: ಗಾಡಿಯ ಪ್ರತಿ ಹತ್ತು ಅಡಿ ಉದ್ದಕ್ಕೆ ಒಂದು ಸೆಕೆಂಡ್, ವೇಗ ಗಂಟೆಗೆ 40 ಮೈಲಿ ದಾಟಿದರೆ ಮೇಲೊಂದು ಸೆಕೆಂಡ್. ಅರವತ್ತು ಅಡಿಯ ಗಾಡಿ ಹೆದ್ದಾರಿಯಲ್ಲಿದ್ದರೆ ಏಳು ಸೆಕೆಂಡ್ ಅಂತರ. ನಮ್ಮ ತುಮಕೂರು ರಸ್ತೆಯಲ್ಲಿ ಏಳು ಸೆಕೆಂಡ್ ಜಾಗ ಬಿಟ್ಟರೆ ಅದರೊಳಗೆ ಎರಡು ಬಸ್ಸು, ಒಂದು ಆಟೋ ಬಂದು ಕೂರುತ್ತವೆ, ಆ ಮಾತು ಬೇರೆ.

ಏರ್ ಬ್ರೇಕಿಗೆ ಬೇರೆಯೇ ಪತ್ರಿಕೆ. ಟ್ರೇಲರ್ ಜೋಡಿಸಿದ ಗಾಡಿಗೆ ಇನ್ನೊಂದು. ಟ್ಯಾಂಕರ್, ಅಪಾಯಕಾರಿ ಸರಕು, ಸ್ಕೂಲ್ ಬಸ್ಸು, ಒಂದೊಂದಕ್ಕೂ ಒಂದೊಂದು. ಅಪಾಯಕಾರಿ ಸರಕಿನದ್ದಕ್ಕೆ 2001ರ ಸೆಪ್ಟೆಂಬರ್ ದಾಳಿಯ ನಂತರ ಬೆರಳಚ್ಚು, ಹಿನ್ನೆಲೆ ವಿಚಾರಣೆಯೂ ಸೇರಿಕೊಂಡವು.

ನನ್ನ ಗೆಳೆಯ ಒದ್ದಾಡಿದ್ದು ಏರ್ ಬ್ರೇಕಲ್ಲಿ. ಒತ್ತಡದ ಅಂಕಿಗಳೆಲ್ಲ ಬಾಯಿಪಾಠ ಬೇಕು. ಆದರೆ ಆ ಅಂಕಿಗಳ ಹಿಂದೆ ಒಂದು ಸೊಗಸಾದ ವಿಚಾರ ಇದೆ, ಅದರ ಮೂಲ ಇರೋದು ರೈಲಿನಲ್ಲಿ. 1869ರಲ್ಲಿ ಜಾರ್ಜ್ ವೆಸ್ಟಿಂಗ್‌ಹೌಸ್ ಅನ್ನೋ ಇಪ್ಪತ್ತೆರಡು ವರ್ಷದ ಹುಡುಗ ಗಾಳಿಯ ಒತ್ತಡದಿಂದ ರೈಲಿಗೆ ಬ್ರೇಕ್ ಹಾಕೋದನ್ನು ತೋರಿಸಿದ. ಅದರಲ್ಲೊಂದು ಕೊರತೆ ಇತ್ತು. ಗಾಳಿಯ ಪೈಪ್ ಎಲ್ಲಾದರೂ ಹರಿದರೆ ಬ್ರೇಕೇ ಇಲ್ಲ. ಮೂರೇ ವರ್ಷದಲ್ಲಿ ಅವನು ಅದನ್ನು ತಿರುವುಮುರುವು ಮಾಡಿದ: ಗಾಳಿ ಇರುವಾಗ ಬ್ರೇಕ್ ಬಿಟ್ಟಿರಬೇಕು, ಗಾಳಿ ಹೋದರೆ ತಾನೇ ಹಿಡಿಯಬೇಕು. ಇಂದಿನ ಟ್ರಕ್ಕಿನ ಸ್ಪ್ರಿಂಗ್ ಬ್ರೇಕ್ ನಡೆಯೋದೂ ಅದೇ ಬುದ್ಧಿಯ ಮೇಲೆ. ದಪ್ಪ ಸ್ಪ್ರಿಂಗನ್ನು ಗಾಳಿ ಒತ್ತಿ ಹಿಡಿದಿರುತ್ತೆ. ಒತ್ತಡ 20ರಿಂದ 45 ಪಿಎಸ್‌ಐ ನಡುವೆ ಇಳಿದರೆ ಸ್ಪ್ರಿಂಗ್ ಬಿಚ್ಚಿಕೊಂಡು ಚಕ್ರ ಹಿಡಿಯುತ್ತೆ. "ಪ್ರೋಗ್ರಾಂ ಕೆಟ್ಟರೆ ಬಾಗಿಲು ಮುಚ್ಚಿಕೊಂಡು ಕೆಡಬೇಕು, ತೆರೆದುಕೊಂಡು ಅಲ್ಲ" ಅಂತ ನಾವು ಆಫೀಸಲ್ಲಿ ಹೊಸಬರಿಗೆ ಹೇಳ್ತೀವಲ್ಲ, ಅದನ್ನ ಈ ಮನುಷ್ಯ ನೂರೈವತ್ತು ವರ್ಷದ ಹಿಂದೆ ಕಬ್ಬಿಣದಲ್ಲಿ ಮಾಡಿಟ್ಟ.

ಗಾಳಿಗೆ ಒಂದು ದೋಷವೂ ಉಂಟು. ಎಣ್ಣೆಯ ಬ್ರೇಕ್ ತುಳಿದ ಕೂಡಲೇ ಹಿಡಿಯುತ್ತೆ. ಗಾಳಿ ಪೈಪಿನುದ್ದಕ್ಕೂ ಓಡಿ ಚಕ್ರ ಮುಟ್ಟೋಕೆ ಅರ್ಧ ಸೆಕೆಂಡ್ ಆದರೂ ಬೇಕು. ಗಂಟೆಗೆ 55 ಮೈಲಿ ವೇಗದಲ್ಲಿ ಈ ತಡಕ್ಕೆ ಪುಸ್ತಕ ಹಾಕೋ ಲೆಕ್ಕ ಸುಮಾರು 32 ಅಡಿ. ಕಣ್ಣು ಕಂಡು ಮೆದುಳಿಗೆ ತಿಳಿಯುವ ಹೊತ್ತಿಗೆ 142 ಅಡಿ, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ 61, ಬ್ರೇಕ್ ಹಿಡಿದು ನಿಲ್ಲುವಷ್ಟರಲ್ಲಿ 216, ಅದಕ್ಕೆ ಈ 32 ಸೇರಿಸಿ. ಒಟ್ಟು 450 ಅಡಿ ದಾಟಿತು. ಒಣ ರಸ್ತೆಯಲ್ಲಿ, ಒಳ್ಳೇ ಬ್ರೇಕ್ ಇದ್ದಾಗ. ಮುಂದೆ ಅಡ್ಡ ಬರೋ ಬೈಕಿನವನಿಗೆ ಈ ಲೆಕ್ಕ ಗೊತ್ತಿರೋದಿಲ್ಲ, ಆದ್ದರಿಂದ ಟ್ರಕ್ಕಿನವನಿಗೆ ಗೊತ್ತಿರಲೇಬೇಕು.

ಈಗ ನನ್ನನ್ನು ನಿಜಕ್ಕೂ ಹಿಡಿದು ನಿಲ್ಲಿಸಿದ ಸಂಗತಿಗೆ ಬರ್ತೀನಿ. 1992ರ ಗಡುವು ಬಂದಾಗ ಲಕ್ಷಾಂತರ ಹಳೇ ಡ್ರೈವರ್‌ಗಳಿದ್ದರು. ಇಪ್ಪತ್ತು, ಮೂವತ್ತು ವರ್ಷ ಓಡಿಸಿದವರು. ಅವರನ್ನೆಲ್ಲ ಪರೀಕ್ಷೆಗೆ ಕೂರಿಸಬೇಕೇ? ಕೇಂದ್ರದ ನಿಯಮ ಒಂದು ರಿಯಾಯಿತಿ ಕೊಟ್ಟಿತು. ದಾಖಲೆ ಶುಚಿಯಾಗಿದ್ದು, ಅದೇ ಥರದ ಗಾಡಿಯನ್ನು ಎರಡು ವರ್ಷ ಓಡಿಸಿದ ಅನುಭವ ಇದ್ದವರಿಗೆ ಓಡಿಸಿ ತೋರಿಸುವ ಪರೀಕ್ಷೆಯನ್ನು ರಾಜ್ಯಗಳು ಮನ್ನಾ ಮಾಡಬಹುದು. ಆದರೆ ಬರಹದ ಪರೀಕ್ಷೆಗೆ ಮನ್ನಾ ಇಲ್ಲ. ಅದನ್ನು ಎಲ್ಲರೂ ಬರೆಯಬೇಕು.

ಮೊದಲು ಓದಿದಾಗ ಇದು ತಲೆಕೆಳಗು ಅನ್ನಿಸಿತು. ಸ್ಟೀರಿಂಗ್ ಹಿಡಿಯೋನಿಗೆ ಪೆನ್ನಿನ ಪರೀಕ್ಷೆಯೇ? ಲಕ್ಷಾಂತರ ಮೈಲಿ ಓಡಿಸಿದವನನ್ನು ಕುರ್ಚಿಯಲ್ಲಿ ಕೂರಿಸಿ ಎ, ಬಿ, ಸಿ ಟಿಕ್ ಹಾಕು ಅನ್ನೋದು ಅವಮಾನ ಅಲ್ವೇ?

ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಚಿಕ್ಕಪ್ಪನಿಂದ. ಅವರು ಮೂವತ್ತು ವರ್ಷ ಲಾರಿ ಓಡಿಸಿದವರು. ತಿಪಟೂರಿಂದ ಕೊಬ್ಬರಿ ತುಂಬಿಕೊಂಡು ಹೋಗೋರು, ಮಂಗಳೂರಿಂದ ಹಂಚು ತುಂಬಿಕೊಂಡು ಬರೋರು. ಶಿರಾಡಿ ಘಾಟಿ ಅವರಿಗೆ ಮನೆ ಅಂಗಳ. ಗೆಳೆಯ ಒಂದು ಪ್ರಶ್ನೆ ಕಳಿಸಿ "ನಿಮ್ಮ ಚಿಕ್ಕಪ್ಪನ್ನ ಕೇಳೋ, ಏನಂತಾರೆ ನೋಡಣ" ಅಂದಿದ್ದ. ಉದ್ದನೆಯ ಇಳಿಜಾರಿನಲ್ಲಿ ಯಾವ ಗೇರಲ್ಲಿ ಇಳಿಯಬೇಕು? ಊರಿಗೆ ಫೋನ್ ಮಾಡಿ ಕೇಳಿದೆ.

"ಇದೇನಪ್ಪ ಕೇಳೋದು? ಯಾವ ಗೇರಲ್ಲಿ ಹತ್ತುತೀಯೋ ಅದೇ ಗೇರಲ್ಲಿ ಇಳೀಬೇಕು. ನಮ್ಮ ಗುರುಗಳು ಮೊದಲನೇ ದಿನ ಹೇಳಿಕೊಟ್ಟಿದ್ದೇ ಇದು."

ಪುಸ್ತಕ ತೆರೆದು ನೋಡಿದರೆ ಚಿಕ್ಕಪ್ಪನ ಮಾತು ಹೆಚ್ಚುಕಮ್ಮಿ ಹಾಗೇ ಇದೆ! ಹಳೇ ಟ್ರಕ್ಕುಗಳಿಗೆ ಈ ನಿಯಮ ಇತ್ತು ಅನ್ನುತ್ತೆ ಪುಸ್ತಕ. ಆದರೆ ಮುಂದಿನ ಸಾಲಿನಲ್ಲಿ ತಿದ್ದುಪಡಿ ಇದೆ. ಈಗಿನ ಟ್ರಕ್ಕುಗಳ ಎಂಜಿನ್ ಬಲವಾಗಿದೆ, ಆಕಾರ ಗಾಳಿ ಸೀಳಿಕೊಂಡು ಹೋಗುವಂತಿದೆ, ಒಳಗಿನ ಘರ್ಷಣೆ ಕಡಿಮೆ. ಹಾಗಾಗಿ ಮೇಲಿನ ಗೇರಲ್ಲೇ ಸಲೀಸಾಗಿ ಹತ್ತಿಬಿಡುತ್ತೆ, ಆದರೆ ಇಳಿಯುವಾಗ ಅದನ್ನು ತಡೆಯೋದಕ್ಕೆ ಗಾಳಿಯೂ ಇಲ್ಲ, ಘರ್ಷಣೆಯೂ ಇಲ್ಲ. ಹತ್ತಿದ ಗೇರಿಗಿಂತ ಕೆಳಗಿನ ಗೇರಲ್ಲಿ ಇಳಿಯಬೇಕಾಗಬಹುದು.

ಇದನ್ನು ಹೇಳಿದಾಗ ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಅದ್ಯಾವ ಗಾಡಿ?" ಅಂತ ಕೇಳಿದರು. ಅವರು ಓಡಿಸಿದ್ದು ಟಾಟಾ 1210. ಮೂತಿ ಗೋಡೆಯಂತಿದ್ದ, ಹತ್ತುವಾಗ ಏದುಸಿರು ಬಿಡುತ್ತಿದ್ದ ಆ ಗಾಡಿಗೆ ಅವರ ನಿಯಮ ಸರಿಯಾಗೇ ಇತ್ತು. ಗಾಡಿ ಬದಲಾದಾಗ ಬಂದು ಹೇಳೋರು ಇರಲಿಲ್ಲ, ಅಷ್ಟೇ.

ಬ್ರೇಕ್ ತುಳಿಯೋ ರೀತಿಯದ್ದೂ ಇದೇ ಕತೆ. ಇಳಿಜಾರಲ್ಲಿ ಹಗುರಾಗಿ ಒಂದೇ ಸಮ ಒತ್ತಿಟ್ಟುಕೊಳ್ಳೋದಾ, ಬಿಟ್ಟು ಬಿಟ್ಟು ಗಟ್ಟಿಯಾಗಿ ಒತ್ತೋದಾ ಅನ್ನೋದು ಡ್ರೈವರ್‌ಗಳ ನಡುವೆ ಹಳೇ ಜಗಳ. ಮಿಚಿಗನ್ ವಿಶ್ವವಿದ್ಯಾಲಯದ ಸಾರಿಗೆ ಸಂಶೋಧಕರು ಬ್ರೇಕಿನ ಬಿಸಿ ಅಳೆದು 1992ರಲ್ಲಿ ವರದಿ ಕೊಟ್ಟರು. ಒಟ್ಟು ಬಿಸಿಯಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ, ಆದರೆ ಗಟ್ಟಿಯಾಗಿ ಒತ್ತಿ ಬಿಟ್ಟಾಗ ಆ ಬಿಸಿ ಎಲ್ಲ ಚಕ್ರಗಳಿಗೂ ಸಮನಾಗಿ ಹಂಚಿಹೋಗುತ್ತೆ. ಹಗುರ ಒತ್ತಡದಲ್ಲಿ ಕೆಲವೇ ಚಕ್ರಗಳು ಕೆಲಸವನ್ನೆಲ್ಲ ಮಾಡಿ ಸುಟ್ಟುಹೋಗಬಹುದು. ಈಗ ಪುಸ್ತಕದಲ್ಲಿರೋದು ಎರಡನೇ ರೀತಿ: ಸುರಕ್ಷಿತ ವೇಗ 40 ಮೈಲಿ ಅಂದುಕೊಂಡರೆ, 40 ಮುಟ್ಟಿದಾಗ ಒತ್ತಿ 35ಕ್ಕೆ ಇಳಿಸು, ಬಿಡು, ಮತ್ತೆ 40 ಆದಾಗ ಒತ್ತು. ಒಂದೊಂದು ಸಲಕ್ಕೆ ಸುಮಾರು ಮೂರು ಸೆಕೆಂಡ್. ಇದು ಅನುಭವದಿಂದ ತಾನಾಗೇ ಗೊತ್ತಾಗೋ ವಿಷಯ ಅಲ್ಲ. ಯಾವ ಚಕ್ರ ಎಷ್ಟು ಕಾದಿದೆ ಅಂತ ಸೀಟಲ್ಲಿ ಕೂತವನಿಗೆ ಹೇಗೆ ಗೊತ್ತಾಗಬೇಕು? ಹಳೇ ಹುಲಿಗಳನ್ನು ಓಡಿಸಿ ತೋರಿಸು ಅಂತ ಕೇಳದೆ, ಓದಿ ಬರೆ ಅಂತ ಕೇಳಿದ್ದರ ಹಿಂದಿನ ನ್ಯಾಯ ನನಗೆ ಕಂಡಿದ್ದು ಇಲ್ಲಿ. ಅವರ ಕೈಗೆ ಓಡಿಸೋದು ಬರುತ್ತೆ ಅನ್ನೋದಕ್ಕೆ ಅಷ್ಟು ವರ್ಷದ ದಾಖಲೆ ಇತ್ತು. ಕೈಗೆ ಗೊತ್ತಾಗದ್ದು ತಲೆಗೆ ಹೋಗಿದೆಯಾ ಅನ್ನೋದಕ್ಕೆ ಯಾವ ದಾಖಲೆಯೂ ಇರಲಿಲ್ಲ.

ಆದರೆ ಪೇಪರ್ ಪರೀಕ್ಷೆಗೆ ಒಂದು ಶಾಪ ಇದೆ, ಅದನ್ನು ಮಾರಬಹುದು. 1994ರ ನವೆಂಬರ್ 8ರಂದು ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ಹತ್ತಿರ ಒಂದು ಟ್ರಕ್ಕಿನ ಹಿಂಬದಿಯಿಂದ ಲೋಹದ ಭಾಗವೊಂದು ಕಳಚಿ ರಸ್ತೆಗೆ ಬಿತ್ತು. ಹಿಂದೆ ಬರುತ್ತಿದ್ದ ವ್ಯಾನ್ ಅದರ ಮೇಲೆ ಹಾದು ಇಂಧನದ ಟ್ಯಾಂಕ್ ಸಿಡಿಯಿತು. ಒಂದೇ ಮನೆಯ ಆರು ಮಕ್ಕಳು ತೀರಿಕೊಂಡರು. ಆ ಭಾಗ ಜೋತಾಡುತ್ತಿದೆ ಅಂತ ಬೇರೆ ಟ್ರಕ್ಕಿನವರು ರೇಡಿಯೋದಲ್ಲಿ ಕೂಗಿ ಹೇಳಿದ್ದರು. ಡ್ರೈವರ್‌ಗೆ ಇಂಗ್ಲಿಷ್ ಅರ್ಥವಾಗಲಿಲ್ಲ. ವಿಚಾರಣೆ ಮುಂದುವರಿದಾಗ ಹೊರಬಿದ್ದಿದ್ದು ಅವನ ಲೈಸೆನ್ಸ್ ಇಲಿನಾಯ್ ರಾಜ್ಯದಲ್ಲಿ ಲಂಚಕ್ಕೆ ಸಿಕ್ಕಿದ್ದು ಅನ್ನೋ ಸಂಗತಿ. ಲೈಸೆನ್ಸ್ ಕಚೇರಿಗಳ ನೌಕರರು ದುಡ್ಡು ತಗೊಂಡು ಪಾಸು ಮಾಡ್ತಿದ್ದರು, ಅದರಲ್ಲಿ ಒಂದು ಪಾಲು ಆ ಇಲಾಖೆಯ ಮುಖ್ಯಸ್ಥನ ಚುನಾವಣಾ ನಿಧಿಗೆ ಹೋಗ್ತಿತ್ತು. ಆ ಮುಖ್ಯಸ್ಥ ಜಾರ್ಜ್ ರಯಾನ್, ಮುಂದೆ ಅದೇ ರಾಜ್ಯದ ಗವರ್ನರ್ ಆದವನು. 2006ರಲ್ಲಿ ಭ್ರಷ್ಟಾಚಾರದ ಆರೋಪಗಳಲ್ಲಿ ತಪ್ಪಿತಸ್ಥನಾಗಿ ಆರೂವರೆ ವರ್ಷದ ಶಿಕ್ಷೆ ಪಡೆದ. ಒಟ್ಟು ಎಪ್ಪತ್ತಕ್ಕೂ ಹೆಚ್ಚು ಜನರಿಗೆ ಶಿಕ್ಷೆ ಆಯಿತು.

ಹೊರಡುವ ಮೊದಲು ಗಾಡಿ ಸುತ್ತ ನಡೆದು ನೋಡು, ಸಡಿಲ ಆಗಿರೋದು, ನೇತಾಡ್ತಿರೋದು ಏನಾದರೂ ಇದೆಯಾ ಪರೀಕ್ಷಿಸು ಅಂತ ಪುಸ್ತಕದ ಮೊದಲ ಅಧ್ಯಾಯಗಳಲ್ಲೇ ಬರುತ್ತೆ. ಓದುವಾಗ ಅತ್ಯಂತ ಬೋರು ಹೊಡೆಸೋ ಭಾಗ ಅದು. ಮಿಲ್ವಾಕಿಯ ಕತೆ ಗೊತ್ತಾದ ಮೇಲೆ ಇನ್ನೊಂದು ಸಲ ಓದಿದೆ.

ಭಾಷೆಯ ಜಗಳ ಅಲ್ಲಿಂದ ಇನ್ನೂ ಬಿಸಿಯಾಯಿತು. ಟ್ರಕ್ ಡ್ರೈವರ್‌ಗೆ ರಸ್ತೆಯ ಫಲಕ ಓದಿ, ಅಧಿಕಾರಿಗಳ ಜೊತೆ ಮಾತಾಡುವಷ್ಟು ಇಂಗ್ಲಿಷ್ ಬರಬೇಕು ಅನ್ನೋ ನಿಯಮ 1930ರ ದಶಕದಿಂದಲೂ ಇದೆ. ಬರಹದ ಪರೀಕ್ಷೆಯನ್ನು ಮಾತ್ರ ಬೇರೆ ಭಾಷೆಯಲ್ಲಿ ಕೊಡೋಕೆ ರಾಜ್ಯಗಳಿಗೆ ಅವಕಾಶ ಇತ್ತು. ಪಕ್ಕದಲ್ಲಿ ದುಭಾಷಿಯನ್ನು ಕೂರಿಸಿಕೊಂಡು ಬರೆಯೋದನ್ನು 2011ರ ನಿಯಮ ನಿಲ್ಲಿಸಿತು. ದುಭಾಷಿ ಪ್ರಶ್ನೆಯ ಜೊತೆ ಉತ್ತರವನ್ನೂ ಅನುವಾದ ಮಾಡಿಕೊಡೋ ಸಾಧ್ಯತೆ ಯಾರಿಗಾದರೂ ಹೊಳೆಯುವಂಥದ್ದೇ. 2025ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶದ ನಂತರ ಇಂಗ್ಲಿಷ್ ಬಾರದ ಡ್ರೈವರನ್ನು ರಸ್ತೆಯಲ್ಲೇ ಇಳಿಸುವ ಕ್ರಮ ಶುರುವಾಯಿತು. ಕ್ಯಾಲಿಫೋರ್ನಿಯಾದಲ್ಲಿ ಟ್ರಕ್ ವೃತ್ತಿಯಲ್ಲಿರೋ ಪಂಜಾಬಿ ಕುಟುಂಬಗಳು ಬಹಳ, ಅವರ ಮನೆಗಳಲ್ಲಿ ಇದರ ಮಾತು ಎಷ್ಟು ನಡೆದಿರಬಹುದು ಅಂತ ಊಹಿಸಬಲ್ಲೆ. ಆರು ಮಕ್ಕಳ ನೆನಪಿಟ್ಟುಕೊಂಡು ನೋಡಿದರೆ ಭಾಷೆ ಬೇಕು ಅನ್ನೋದನ್ನ ತಳ್ಳಿಹಾಕೋಕೆ ಆಗಲ್ಲ. ಆದರೆ ಆ ಡ್ರೈವರ್‌ಗೂ ನಿಯಮದ ಪ್ರಕಾರ ಇಂಗ್ಲಿಷ್ ಬರಲೇಬೇಕಿತ್ತು, ಆ ನಿಯಮವನ್ನು ಮಾರಿಕೊಂಡವರು ಇಂಗ್ಲಿಷ್ ಚೆನ್ನಾಗೇ ಬರೋರು.

ಅಮೆರಿಕದ ಪದ್ಧತಿಯಲ್ಲಿ ನನಗೆ ಹಿಡಿಸಿದ ಇನ್ನೊಂದು ಅಂಶ, ಈ ಪರೀಕ್ಷೆಯನ್ನು ಬಾಯಲ್ಲಿ ಕೇಳಿ ಬಾಯಲ್ಲೇ ಉತ್ತರ ಪಡೆಯೋಕೂ ನಿಯಮ ಒಪ್ಪುತ್ತೆ. ಓದೋದು ಕಷ್ಟ ಇರೋ ಡ್ರೈವರ್‌ಗೂ ಗಾಳಿ ಬ್ರೇಕಿನ ಬಗ್ಗೆ ಏನು ಗೊತ್ತು ಅಂತ ಹೀಗೆ ತಿಳ್ಕೋಬಹುದು. ಯಾವ ಕ್ಲಾಸು ಓದಿದಾನೆ ಅನ್ನೋದು ಅಲ್ಲಿ ಪ್ರಶ್ನೆಯೇ ಅಲ್ಲ.

ನಮ್ಮಲ್ಲಿ ಅದೇ ಪ್ರಶ್ನೆ ಆಗಿತ್ತು. 2007ರ ತಿದ್ದುಪಡಿಯಲ್ಲಿ ಸಾರಿಗೆ ವಾಹನದ ಲೈಸೆನ್ಸಿಗೆ ಎಂಟನೇ ತರಗತಿ ಪಾಸಾಗಿರಬೇಕು ಅಂತ ಬಂತು. ಮೊದಲೇ ಲೈಸೆನ್ಸ್ ಇದ್ದವರ ನವೀಕರಣಕ್ಕೆ ಇದು ಅನ್ವಯಿಸುತ್ತಿರಲಿಲ್ಲ, ಹಾಗಾಗಿ ಆರನೇ ಕ್ಲಾಸಿಗೆ ಬಿಟ್ಟಿದ್ದ ನಮ್ಮ ಚಿಕ್ಕಪ್ಪ ಬಚಾವ್. ಅವರ ಜೊತೆ ಒಂಬತ್ತು ವರ್ಷ ಕ್ಲೀನರ್ ಆಗಿದ್ದ ಹುಡುಗನಿಗೆ ಮಾತ್ರ ಅದು ಗೋಡೆಯಾಯಿತು. ಬ್ರೇಕ್ ಸದ್ದು ಕೇಳಿ ಯಾವ ಚಕ್ರದ ಲೈನರ್ ಸವೆದಿದೆ ಅಂತ ಹೇಳ್ತಿದ್ದ ಅಂತಾರೆ ಚಿಕ್ಕಪ್ಪ. ಅವನಿಗೆ ಏನು ಗೊತ್ತು, ಏನು ಗೊತ್ತಿಲ್ಲ ಅಂತ ಯಾರೂ ಕೇಳೋ ಹಂತಕ್ಕೇ ಹೋಗಲಿಲ್ಲ. ಮಾರ್ಕ್ಸ್ ಕಾರ್ಡ್ ಕೇಳಿದರು, ಇರಲಿಲ್ಲ.

2019ರಲ್ಲಿ ಕೇಂದ್ರ ಸರ್ಕಾರ ಆ ನಿಯಮ ತೆಗೆಯಿತು. ಹರಿಯಾಣದ ಮೇವಾತ್ ಭಾಗದ ಡ್ರೈವರ್‌ಗಳ ಕಷ್ಟ ಹೇಳಿ ಅಲ್ಲಿನ ಸರ್ಕಾರ ಕೇಳಿಕೊಂಡಿತ್ತು. ಶಾಲೆ ಓದದಿದ್ದರೂ ಕೆಲಸ ಬಲ್ಲವರು ಹಳ್ಳಿಗಳಲ್ಲಿ ಬಹಳ ಇದ್ದಾರೆ, ತರಬೇತಿ ಮತ್ತು ಪರೀಕ್ಷೆಗೆ ಒತ್ತು ಕೊಡೋಣ ಅಂತ ಸಚಿವಾಲಯವೂ ಒಪ್ಪಿತು. ಸುದ್ದಿ ಓದಿ ಚಿಕ್ಕಪ್ಪ ಆ ಹುಡುಗನಿಗೆ ಫೋನ್ ಮಾಡಿದ್ದರಂತೆ. ಅವನು ಅರಸೀಕೆರೆ ಹತ್ತಿರ ಪಂಚರ್ ಅಂಗಡಿ ಹಾಕಿ ಆಗಲೇ ಎಂಟು ವರ್ಷ ಆಗಿತ್ತು. "ಈಗ್ಯಾಕಣ್ಣ, ಮಕ್ಕಳು ಹೈಸ್ಕೂಲಿಗೆ ಬಂದವು" ಅಂದನಂತೆ.